ಮೊದಲು ಕೊಲೆಗಾರನ ಕಥೆ ಬರೆದುಕೊಳ್ಳುತ್ತೇನೆ

ಪತ್ತೇದಾರಿ ಕಥೆಯನ್ನು ನಾನು ಮೊದಲ ಅಧ್ಯಾಯದಿಂದ ಶುರು ಮಾಡುವುದಿಲ್ಲ. ಮೊದಲು ಕೊಲೆಗಾರನ ಕಥೆಯನ್ನು ಬರೆದು ಮುಗಿಸುತ್ತೇನೆ. ಅವನಿಗೆ ಏನು ಬೇಕಿತ್ತು, ಯಾವಾಗ ಮನಸ್ಸು ಗಟ್ಟಿ ಮಾಡಿಕೊಂಡ, ಎಷ್ಟು ಹೊತ್ತಿಗೆ ಎಲ್ಲಿದ್ದ, ಯಾರಿಗೆ ಯಾವ ಸುಳ್ಳು ಹೇಳಿದ, ಎಲ್ಲವೂ ಗಂಟೆಗಳ ಲೆಕ್ಕದಲ್ಲಿ ಒಂದೇ ಹಾಳೆಯ ಮೇಲೆ ಬರಬೇಕು. ಪಕ್ಕದಲ್ಲೇ ಉಳಿದ ಪಾತ್ರಗಳಿಗೂ ಒಂದೊಂದು ಕಾಲಂ. ಹೀಗೆ ಮಾಡಿದರೆ ಸುಳಿವುಗಳನ್ನು ಎಲ್ಲಿಂದಲೋ ತಂದು ಅಂಟಿಸಬೇಕಾಗಿಲ್ಲ. ಅವನು ಬೇರೆ ದಾರಿಯಿಲ್ಲದೆ ಮಾಡಿದ ಕೆಲಸಗಳಿಂದಲೇ ಅವು ಹುಟ್ಟುತ್ತವೆ.

ನನ್ನದೊಂದು ಕಥೆಯನ್ನೇ ತೆಗೆದುಕೊಳ್ಳಿ. ಆಸ್ತಿಯ ಆಸೆಗೆ ಅಳಿಯ ಮನೆಯ ಯಜಮಾನನಿಗೆ ವಿಷ ಹಾಕುತ್ತಾನೆ. ಯಜಮಾನ ಮಧ್ಯಾಹ್ನ 3ಕ್ಕೆ ಅಳಿಯನ ಕೋಣೆಯಲ್ಲೇ ಬೋರಲು ಬಿದ್ದು ಸಾಯುತ್ತಾನೆ. ಮನೆ ತುಂಬ ನೆಂಟರು. ‘ಮಾವನಿಗೆ ತಲೆನೋವು, ಮಲಗಿದ್ದಾರೆ, ಎಬ್ಬಿಸಬೇಡಿ’ ಅಂತ ಅಳಿಯ ಎಲ್ಲರನ್ನೂ ತಡೆಯುತ್ತಾನೆ. ಹೆಣ ಸಾಗಿಸಲು ರಾತ್ರಿ 2ರವರೆಗೆ ಕಾಯಲೇಬೇಕು.

ಈ ಕಾಯುವಿಕೆಯೇ ಕಥೆಯ ಜೀವಾಳ. ಸತ್ತ ಕೆಲವು ಗಂಟೆಗಳಲ್ಲಿ ಮೈ ಸೆಟೆಯಲು ಶುರುವಾಗಿ, ಸಾಮಾನ್ಯವಾಗಿ 12 ಗಂಟೆಯ ಹೊತ್ತಿಗೆ ಪೂರ್ತಿ ಬಿಗಿಯುತ್ತದೆ. ಅಂಥ ಹೆಣವನ್ನು ಕುರ್ಚಿಯಲ್ಲಿ ಕೂರಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಯಜಮಾನನ ಹಾಸಿಗೆಯಲ್ಲೇ ಅಂಗಾತ ಮಲಗಿಸಿದೆ. ಎದೆಯ ಮೇಲೆ ಪುಸ್ತಕ, ಕಣ್ಣಿಗೆ ಕನ್ನಡಕ. ಆದರೆ ಸತ್ತ ಮೇಲೆ ರಕ್ತ ದೇಹದ ಕೆಳಭಾಗಕ್ಕೆ ಇಳಿದು ಅಲ್ಲಿ ನೇರಳೆ ಕಲೆ ಮೂಡುತ್ತದೆ. ಸುಮಾರು 8ರಿಂದ 12 ಗಂಟೆಯೊಳಗೆ ಆ ಕಲೆ ಅಲ್ಲೇ ನಿಂತುಬಿಡುತ್ತದೆ. ಅಂಗಾತ ಮಲಗಿದವನ ಎದೆಯ ಮೇಲೆ ಕಲೆ ಕಂಡರೆ, ಹೆಣವನ್ನು ಯಾರೋ ತಿರುಗಿಸಿದ್ದಾರೆ ಅಂತಲೇ ಅರ್ಥ.

ಯಾರು ಅನ್ನುವುದನ್ನು ಕನ್ನಡಕ ಹೇಳುತ್ತದೆ. ಅದು ದೂರ ನೋಡುವ ಕನ್ನಡಕ. ಯಜಮಾನ ಓದಲು ಯಾವಾಗಲೂ ಚಾಳೀಸು ಹಾಕುತ್ತಿದ್ದ. ಹೆಂಡತಿಗೂ ಮಗನಿಗೂ ಅದು ಚೆನ್ನಾಗಿ ಗೊತ್ತು. ಒಬ್ಬರನ್ನು ತೋರಿಸುವ ಸುಳಿವಿಗಿಂತ ಉಳಿದವರನ್ನು ಬಿಡಿಸುವ ಇಂಥ ಸುಳಿವು ನನಗೆ ಜಾಸ್ತಿ ಇಷ್ಟ.

ಇದನ್ನು ಬಚ್ಚಿಡುವುದರಲ್ಲೇ ನಿಜವಾದ ಖುಷಿ. ಹಿಂದಿನ ರಾತ್ರಿಯ ಊಟದಲ್ಲಿ ಯಜಮಾನ ಕನ್ನಡಕ ಬದಲಿಸಿ ವಕೀಲರ ಪತ್ರ ಓದುತ್ತಾನೆ. ಅದೇ ಹೊತ್ತಿಗೆ ಉಯಿಲಿನ ಬಗ್ಗೆ ಮಗ ಜಗಳ ತೆಗೆಯುತ್ತಾನೆ. ಓದುಗರ ಗಮನವೆಲ್ಲ ಜಗಳದ ಮೇಲೆ. ಇಂಗ್ಲಿಷ್ ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ ಇಂಥ ಕಥೆಗಳಿಗಾಗಿ 1929ರಲ್ಲಿ ಬರೆದ 10 ನಿಯಮಗಳಲ್ಲಿ ನಾನು ಬಿಡದೆ ಪಾಲಿಸುವುದು ಇದನ್ನೇ: ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು. ಕಾಣುವ ಜಾಗದಲ್ಲಿ ಇಟ್ಟು ಮರೆಸಬಹುದು, ಇಡದೇ ಇರುವಂತಿಲ್ಲ.

ಇನ್ನು ಅನುಮಾನದ ಮಾತು. ಕುಂಬಳಕಾಯಿ ಕಳ್ಳ ಅಂದಾಗ ಕದಿಯದವರೂ ಹೆಗಲು ಮುಟ್ಟಿಕೊಳ್ಳಬೇಕು. ಸುಮ್ನೆ ಅಲ್ಲ, ಅವರಿಗೂ ತಮ್ಮದೇ ಕಾರಣ ಇರಬೇಕು. ಮಗ ಆ ಮಧ್ಯಾಹ್ನದ ಬಗ್ಗೆ ಸುಳ್ಳು ಹೇಳುವುದು ತನಗೆ ಸಾಲ ಕೊಟ್ಟವರನ್ನು ನೋಡಲು ಹೋಗಿದ್ದನ್ನು ಮುಚ್ಚಿಡಲು.

ಕೊನೆಗೆ ಪತ್ತೇದಾರ ರಹಸ್ಯ ಬಿಡಿಸುವ ಅಧ್ಯಾಯವನ್ನು ಮುಂದಿಟ್ಟುಕೊಂಡು ಹಿಂದಕ್ಕೆ ಬರುತ್ತೇನೆ. ಅವನು ಹೇಳುವ ಪ್ರತಿ ಮಾತಿನ ಎದುರಿಗೆ, ಅದಕ್ಕೆ ಆಧಾರವಾದ ಪುಟದ ಸಂಖ್ಯೆ ಬರೆಯುತ್ತೇನೆ. ಸಂಖ್ಯೆ ಸಿಗದಿದ್ದರೆ ಆ ಪುಟ ಬರೆಯುತ್ತೇನೆ. ಅಳಿಯನಿಗೆ ಚಾಳೀಸಿನ ವಿಷಯ ಗೊತ್ತಿರಲಿಲ್ಲ ಅನ್ನುವುದಕ್ಕೂ ಆಧಾರ ಬೇಕಿತ್ತು. ಅವನನ್ನು ಮನೆಗೆ ಹೊಸಬನನ್ನಾಗಿ ಮಾಡಿ, ಆ ಊಟಕ್ಕೂ ಪತ್ರ ಓದಿ ಮುಗಿದ ಮೇಲೆ ಬರುವಂತೆ ಮಾಡಿದೆ.