ಪಟದ ಬೆನ್ನು ನೋಡದೆ ದುಡ್ಡು ಕೊಡಬೇಡಿ

ಮೈಸೂರಿನಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಹಳೇ ಕಟ್ಟು ಬಿಚ್ಚಿ, ಧೂಳು ತೆಗೆದು, ಹೊಸ ಗಾಜು ಹಾಕಿಕೊಡುವ ಕೆಲಸವೇ ಜಾಸ್ತಿ. ಹಾಗಾಗಿ ಉಳಿದವರು ಪಟದ ಮುಖ ನೋಡಿದರೆ ನಾನು ಬೆನ್ನು ನೋಡುತ್ತೇನೆ. ರವಿವರ್ಮ ಪ್ರೆಸ್ಸಿನ ಹಳೇ ಲಕ್ಷ್ಮಿ, ಸರಸ್ವತಿ ಪಟಗಳಿಗೆ ಈಗ ಒಳ್ಳೇ ಬೆಲೆ ಇದೆ. ಬೆಲೆ ಬಂದ ಮೇಲೆ ನಕಲಿಯೂ ಬಂತು. ದುಡ್ಡು ಕೊಟ್ಟಾದ ಮೇಲೆ ನನ್ನ ಹತ್ತಿರ ತಂದು ತೋರಿಸುವವರೇ ಹೆಚ್ಚು. ಕೆಲವರು ಮೊದಲೇ ಕರೆಯುತ್ತಾರೆ, ಜೊತೆಗೆ ಹೋಗುತ್ತೇನೆ. ಅಲ್ಲಿ ನಾನು ಏನೇನು ನೋಡುತ್ತೇನೆ ಅಂತ ಹೇಳುತ್ತೇನೆ.

ಮೊದಲು ಒಂದು ಗೊಂದಲ ತೀರಿಸಿಬಿಡೋಣ. ರವಿವರ್ಮ ಕೈಯಾರೆ ಬರೆದ ಎಣ್ಣೆಬಣ್ಣದ ಚಿತ್ರ ಬೇರೆ, ಪ್ರೆಸ್ಸಿನಲ್ಲಿ ಅಚ್ಚಾದ ಪಟ ಬೇರೆ. ಪ್ರೆಸ್ ಶುರುವಾದದ್ದು 1894ರಲ್ಲಿ, ಮುಂಬೈನ ಗಿರ್‌ಗಾಂವ್‌ನಲ್ಲಿ. ಆಮೇಲೆ ಲೋನಾವಳ ಹತ್ತಿರದ ಮಳವಲಿಗೆ ಹೋಯಿತು. ಕೊನೆಗೆ ಅದನ್ನು ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಿದರು. ರವಿವರ್ಮ 1906ರಲ್ಲಿ ತೀರಿಕೊಂಡ ಮೇಲೂ ಎಷ್ಟೋ ವರ್ಷ ಅಲ್ಲಿ ಪಟ ಅಚ್ಚಾಗುತ್ತಿದ್ದವು. ಇವಕ್ಕೆ ಓಲಿಯೋಗ್ರಾಫ್ ಅನ್ನುತ್ತಾರೆ. ಕಲ್ಲಿನ ಮೇಲೆ ಚಿತ್ರ ಬಿಡಿಸಿ ಅದರಿಂದ ಕಾಗದಕ್ಕೆ ಅಚ್ಚು ತೆಗೆಯುತ್ತಿದ್ದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಮೇಲೆ ವಾರ್ನಿಷ್. ‘ಕೈಯಲ್ಲಿ ಬರೆದದ್ದು ಸಾರ್, ಸಹಿ ನೋಡಿ’ ಅಂತ ಯಾರಾದರೂ ತೋರಿಸಿದರೆ, ಆ ಸಹಿಯೂ ಕಲ್ಲಿನಿಂದಲೇ ಅಚ್ಚಾದದ್ದು. ಅಸಲಿ ಓಲಿಯೋಗ್ರಾಫ್ ಅಂದರೂ ಅದು ಅಚ್ಚಿನ ಪಟವೇ. ಅದರ ಬೆಲೆ ಇರುವುದು ಅದರ ವಯಸ್ಸಿಗೆ. ಅದಕ್ಕೇ ನಾನು ಹುಡುಕುವುದು ವಯಸ್ಸಿನ ಗುರುತು.

ಚಿನಿವಾರರು ಇಟ್ಟುಕೊಳ್ಳುವ ಹತ್ತುಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸದಾ ಜೇಬಿನಲ್ಲಿರುತ್ತದೆ. ಅದನ್ನು ಸರಸ್ವತಿಯ ಕೆನ್ನೆಯ ಮೇಲೆ ಹಿಡಿಯುತ್ತೇನೆ. ಸೀರೆ, ವೀಣೆ ಆಮೇಲೆ. ತೆಳು ಬಣ್ಣ ಇರುವ ಜಾಗದಲ್ಲೇ ಗುಟ್ಟು ಬೇಗ ಬಯಲಾಗುವುದು. ಕಲ್ಲಚ್ಚಿನ ಚುಕ್ಕಿಗಳನ್ನು ಕುಶಲಕರ್ಮಿ ಕೈಯಿಂದ ಇಟ್ಟಿರುತ್ತಾನೆ. ಒಂದು ದಪ್ಪ, ಒಂದು ಸಣ್ಣ, ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬಿಡಿಯಾಗಿ. ಈಗಿನ ಆಫ್‌ಸೆಟ್ ಪಟದಲ್ಲಿ ರಂಗೋಲಿಗೆ ಇಟ್ಟ ಹಾಗೆ ಚುಕ್ಕಿಗಳು ಲೆಕ್ಕವಾಗಿ ಸಾಲು ಹಿಡಿದಿರುತ್ತವೆ. ಡಿಜಿಟಲ್ ಪ್ರಿಂಟ್ ಆದರೆ ನೀಲಿ, ಗುಲಾಬಿ, ಹಳದಿ ಪುಡಿ ಉದುರಿಸಿದಂತೆ ಕಾಣುತ್ತದೆ. ಬರಿಗಣ್ಣಿಗೆ ಮೂರೂ ಒಂದೇ. ಫೋನಿನಲ್ಲಿ ತೀರಾ ಹತ್ತಿರದಿಂದ ಫೋಟೋ ತೆಗೆಯುವ ಮ್ಯಾಕ್ರೋ ಇದ್ದರೆ ಅದೂ ಸಾಕು.

ಈ ಚುಕ್ಕಿ ಮುಚ್ಚುವುದಕ್ಕೇ ಕೆಲವರು ಪ್ರಿಂಟ್ ಮೇಲೆ ದಪ್ಪ ವಾರ್ನಿಷ್ ಬಳಿಯುತ್ತಾರೆ. ಕ್ಯಾನ್ವಾಸ್ ಪ್ರಿಂಟ್ ಆದರೆ ಬಣ್ಣವಿಲ್ಲದ ಜೆಲ್‌ನಿಂದ ಬ್ರಷ್ ಗುರುತು ಎಬ್ಬಿಸುತ್ತಾರೆ. ಟಾರ್ಚನ್ನು ಪಕ್ಕದಿಂದ, ಪಟಕ್ಕೆ ಸವರಿದ ಹಾಗೆ ಹಿಡಿದು ನೋಡಿ. ಸೆರಗು ಕೆಳಕ್ಕೆ ಇಳಿದಿದ್ದರೆ ಬ್ರಷ್ ಗುರುತು ಅಡ್ಡಡ್ಡ ಓಡಿರುತ್ತದೆ. ಚಿತ್ರಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ.

ಇನ್ನು ಬೆನ್ನು. ನನಗೆ ಬಹಳ ಇಷ್ಟದ ಭಾಗ. ಆಗಿನವರು ಪಟದ ಹಿಂದೆ ಪ್ಯಾಕಿಂಗ್ ಪೆಟ್ಟಿಗೆಯ ತೆಳು ಹಲಗೆಗಳನ್ನು ಜೋಡಿಸಿ ಮೊಳೆ ಹೊಡೆಯುತ್ತಿದ್ದರು. ಮರದಲ್ಲಿರುವ ಆಮ್ಲ ವರ್ಷಗಟ್ಟಲೆ ಕಾಗದವನ್ನು ಸುಡುತ್ತಾ ಹೋಗುತ್ತದೆ. ಹಲಗೆ ತಾಗಿದ ಕಡೆ ಒಂದು ಬಣ್ಣ, ಎರಡು ಹಲಗೆಗಳ ಸಂದಿಯಲ್ಲಿ ಇನ್ನೊಂದು ಬಣ್ಣದ ಗೆರೆ. ಮರದ ಗಂಟು ಇದ್ದರೆ ಅಲ್ಲೊಂದು ಕಂದು ಬೊಟ್ಟು. ಹಲಗೆಯನ್ನು ವಾಪಸ್ ಇಟ್ಟರೆ ಗೆರೆಗೆ ಸಂದಿ, ಬೊಟ್ಟಿಗೆ ಗಂಟು ಸರಿಯಾಗಿ ಕೂರಬೇಕು. ನಕಲಿ ಮಾರುವವರು ಅಸಲಿ ತೇಗದ ಕಟ್ಟು, ಅಲೆಅಲೆಯಾಗಿರುವ ಹಳೇ ಗಾಜು, ತುಕ್ಕು ಹಿಡಿದ ಮೊಳೆ ಎಲ್ಲಾ ಹೊಂದಿಸುತ್ತಾರೆ. ಕಾರೈಕುಡಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಖಾಲಿ ಕಟ್ಟುಗಳೇ ಬೇಕಾದಷ್ಟು ಸಿಗುತ್ತವೆ. ಆದರೆ ಗೆರೆ ಮತ್ತು ಗಂಟು ಹೊಂದಿಸುವ ತಾಳ್ಮೆ ಇರುವವರನ್ನು ನಾನಿನ್ನೂ ನೋಡಿಲ್ಲ.

ಇನ್ನೊಂದು ತಮಾಷೆ ಇದೆ. ಹಳೇ ಪಟವನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕುವಾಗ ಅದರ ನೀರಿನ ಕಲೆ, ಹುಳ ತಿಂದ ತೂತು ಎಲ್ಲಾ ಜೊತೆಗೇ ಅಚ್ಚಾಗುತ್ತವೆ. ಮುಂದೆ ತೂತು ಕಾಣುತ್ತದೆ, ಬೆರಳು ಆಡಿಸಿದರೆ ನುಣುಪು. ಹಿಂದೆ ತಿರುಗಿಸಿದರೆ ಕಾಗದ ಸ್ವಚ್ಛ.

ಕಟ್ಟು ಬಿಚ್ಚೋಕೆ ಬಿಡಲ್ಲ ಅಂದರೆ? ಬಿಚ್ಚಿ ಮತ್ತೆ ಹಾಕುವ ಖರ್ಚು ನನ್ನದು ಅಂತ ಹೇಳುತ್ತೇನೆ. ಆಗಲೂ ಒಪ್ಪದಿದ್ದರೆ ಸುಮ್ನೆ ಎದ್ದು ಬರುತ್ತೇನೆ.

ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚ್ ಕೂಡ ಕೆಲಸಕ್ಕೆ ಬರುತ್ತದೆ. ಸುಮಾರು 1950ರಿಂದ ಈಚೆಗೆ ಕಾಗದ ಬೆಳ್ಳಗೆ ಕಾಣಲೆಂದು ಒಂದು ರಾಸಾಯನಿಕ ಸೇರಿಸುತ್ತಾರೆ. ಕತ್ತಲಲ್ಲಿ ಈ ಬೆಳಕು ಬಿಟ್ಟರೆ ಅಂಥ ಕಾಗದ ನೀಲಿಯಾಗಿ ಹೊಳೆಯುತ್ತದೆ. ಹಳೇ ಕಾಗದ ಮಂಕಾಗಿಯೇ ಇರುತ್ತದೆ. ಹೊಳೆದರೆ ಅದು ನೂರು ವರ್ಷದ್ದಲ್ಲ. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಆ ರಾಸಾಯನಿಕ ಇಲ್ಲದ ಹೊಸ ಕಾಗದವೂ ಸಿಗುತ್ತದೆ. ಜರ್ಮನಿಯ ದೊಡ್ಡ ನಕಲಿಗಾರ ಬೆಲ್ಟ್ರಾಚಿ ಸಿಕ್ಕಿಬಿದ್ದದ್ದೂ ಹೀಗೇ, ಆ ಕಾಲಕ್ಕೆ ಸೇರದ ವಸ್ತುವಿನಿಂದ. 1914ರದ್ದು ಅಂತ ಮಾರಿದ ಚಿತ್ರದಲ್ಲಿ, ಆಗ ಚಿತ್ರಕಾರರ ಕೈಗೆ ಸಿಗದಿದ್ದ ಟೈಟಾನಿಯಂ ಬಿಳಿ ಬಣ್ಣ ಇತ್ತು.

ಕಥೆಗಳಿಗೆ ಮಾತ್ರ ನಾನು ಕಿವಿ ಕೊಡುವುದಿಲ್ಲ. ನಮ್ಮೂರಿನಲ್ಲಂತೂ ಪ್ರತಿ ಪಟವೂ ‘ಅರಮನೆಯಿಂದ ಬಂದದ್ದು’. ಹೆಸರಿರುವ ಜಾಗದಲ್ಲಿ ತೂಗುಹಾಕಿದ್ದಾರೆ ಅನ್ನುವುದೂ ಸಾಲದು. 2009ರಲ್ಲಿ ದೆಹಲಿಯಲ್ಲಿ ತಮ್ಮದೇ ಹಳೇ ಚಿತ್ರಗಳ ಪ್ರದರ್ಶನಕ್ಕೆ ಬಂದ ಎಸ್.ಎಚ್. ರಜಾ, ಇವು ನನ್ನವಲ್ಲ ಅಂತ ಅಲ್ಲೇ ಹೇಳಬೇಕಾಯಿತು! ಹೆಸರೂ ಅಷ್ಟೇ. ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರ ಎಲ್ಲರಿಗೂ ಗೊತ್ತು. ಅದರ ಪ್ರಿಂಟನ್ನು ರವಿವರ್ಮನದು ಅಂತ ಮಾರುವವರನ್ನು ಎಷ್ಟೋ ಸಲ ನೋಡಿದ್ದೇನೆ. ಅದು ಎಸ್.ಎಲ್. ಹಲ್ದಂಕರ್ ಬರೆದ ಜಲವರ್ಣ. ಬರೆದದ್ದು 1940ರ ದಶಕದಲ್ಲಿ, ರವಿವರ್ಮ ಹೋಗಿ ಎಷ್ಟೋ ವರ್ಷವಾದ ಮೇಲೆ.

ಮೈಸೂರು ಶೈಲಿಯ ಹೊಸ ಚಿತ್ರ ಕೊಳ್ಳುವವರಿಗೆ ಒಂದೇ ಮಾತು, ಬರೆಯುವವರ ಮನೆಗೇ ಹೋಗಿ. ಅದರಲ್ಲಿ ಅಂಟಿಸುವ ರೇಕು ಅಸಲಿ ಚಿನ್ನದ್ದಾದರೆ ಕಪ್ಪಾಗುವುದಿಲ್ಲ. ತಾಮ್ರ, ಸತು ಬೆರೆತ ರೇಕು ಕ್ರಮೇಣ ಮಂಕಾಗಿ ಹಸಿರು ತಿರುಗುತ್ತದೆ. ಆದರೆ ಹೊಸದರಲ್ಲಿ ಎರಡೂ ಒಂದೇ ತರಹ ಫಳಫಳ. ಕಣ್ಣಿಗೆ ಗೊತ್ತಾಗುವುದಿಲ್ಲ, ಕೇಳಿ ಬರೆಸಿಕೊಳ್ಳಬೇಕು. ಅಚ್ಚಿನ ಪಟದ ಒಡವೆಗಳ ಮೇಲೆ ಮಾತ್ರ ರೇಕು ಅಂಟಿಸಿ ಕೈಕೆಲಸ ಅಂತ ಮಾರುವುದೂ ಇದೆ. ಅಲ್ಲೂ ಭೂತಗನ್ನಡಿ ಮುಖದ ಮೇಲೇ ಹೋಗಲಿ.

ಎಲ್ಲಾ ನೋಡಿಯಾದ ಮೇಲೆ ಕೊನೆಗೆ ಬಿಲ್. ‘ರವಿವರ್ಮ ಪ್ರೆಸ್ಸಿನ ಹಳೇ ಅಸಲಿ ಪಟ, ಅಲ್ಲವೆಂದು ತಿಳಿದರೆ ಹಣ ವಾಪಸ್’ ಅಂತ ಬರೆದು, ಸಹಿ ಹಾಕಿ, ಅಂಗಡಿ ವಿಳಾಸ ಕೊಡಿ ಅನ್ನುತ್ತೇನೆ. ದುಡ್ಡು ಬ್ಯಾಂಕಿನಿಂದಲೇ ಕೊಡಿಸುತ್ತೇನೆ. ಗ್ರಾಹಕರ ಆಯೋಗಕ್ಕೆ ಹೋಗುವ ಪ್ರಸಂಗ ಬಂದರೆ ಕೈಯಲ್ಲಿ ಇರುವುದು ಇವೆರಡೇ. ಹೆಸರು, ವಿಳಾಸ ಇಲ್ಲದೆ ಚಿನ್ನದ ಅಕ್ಷರದಲ್ಲಿ ಅಚ್ಚು ಹಾಕಿಸಿದ ಪ್ರಮಾಣಪತ್ರ ಯಾವುದಕ್ಕೂ ಬರುವುದಿಲ್ಲ.

ಈಚೆಗೆ ಒಬ್ಬ ಮೇಷ್ಟ್ರ ಜೊತೆ ಹೋಗಿದ್ದಾಗ ಬಿಲ್ ಮಾತು ತೆಗೆದೆ. ‘ಹಾಗೆಲ್ಲಾ ಬರೆಯೋಕಾಗಲ್ಲ ಸಾರ್, ನಂಬಿಕೆ ಮೇಲೆ ವ್ಯಾಪಾರ’ ಅಂದ ಅಂಗಡಿಯವನು.

‘ಸರಿ ಕಣಪ್ಪ, ಹಾಗಾದ್ರೆ ಏನಂತ ಬರೀತೀಯ?’ ಅಂತ ಮೇಷ್ಟ್ರೇ ಕೇಳಿದರು.

ಅವನು ಸ್ವಲ್ಪ ಹೊತ್ತು ಪೆನ್ ಕಚ್ಚಿಕೊಂಡು ನಿಂತ. ಆಮೇಲೆ ‘ಅಲಂಕಾರದ ಪಟ, ಹಳೇ ತೇಗದ ಕಟ್ಟು’ ಅಂತ ಬರೆದ. ಬೆಲೆ ಕಾಲುಭಾಗಕ್ಕೆ ಇಳಿಯಿತು. ಕಟ್ಟು ಚೆನ್ನಾಗಿದೆ ಅಂತ ಮೇಷ್ಟ್ರು ಅಷ್ಟಕ್ಕೇ ಕೊಂಡರು.