ರಾತ್ರಿ ಎದ್ದು ಓಡಾಡುವ ಪುಟಾಣಿಗೆ ಕೋಣೆಯನ್ನೇ ತೊಟ್ಟಿಲು ಮಾಡುವುದು ಹೇಗೆ?

ಹೋದ ಮಳೆಗಾಲದ ಒಂದು ರಾತ್ರಿ. ಎರಡು ಗಂಟೆ ಇರಬಹುದು. ಕರ್ರ್ ಅಂತ ಏನೋ ಎಳೆದ ಸದ್ದಾಯಿತು. ಕಣ್ಣು ಬಿಟ್ಟರೆ ಪಕ್ಕದಲ್ಲಿ ಮಗಳಿಲ್ಲ. ಝೀರೋ ಬಲ್ಬಿನ ಬೆಳಕಿನಲ್ಲಿ ನೋಡಿದೆ. ಬಟ್ಟೆ ಇಡುವ ಸ್ಟ್ಯಾಂಡಿನ ಕೆಳಗಿನ ಎರಡು ಡ್ರಾಯರ್ ಹೊರಗೆ ಬಂದಿದ್ದವು. ಇಪ್ಪತ್ತು ತಿಂಗಳ ಮಗು ಅವನ್ನೇ ಮೆಟ್ಟಿಲು ಮಾಡಿಕೊಂಡು ಎರಡನೆಯದರಲ್ಲಿ ನಿಂತಿತ್ತು. ಮೇಲಿಟ್ಟಿದ್ದ ಎಣ್ಣೆ ಬಾಟಲಿಗೆ ಕೈ ಚಾಚಿತ್ತು. ಸ್ಟ್ಯಾಂಡು ಆಗಲೇ ಮುಂದಕ್ಕೆ ವಾಲುತ್ತಿತ್ತು. ಹೇಗೆ ಎದ್ದು ಓಡಿದೆನೋ ಗೊತ್ತಿಲ್ಲ. ಒಂದು ಕೈಯಲ್ಲಿ ಸ್ಟ್ಯಾಂಡು ಹಿಡಿದಿದ್ದೆ, ಇನ್ನೊಂದರಲ್ಲಿ ಮಗು.

ಅಲ್ಲಿಯವರೆಗೆ ಮನೆಯಲ್ಲಿ ಎಲ್ಲರದ್ದೂ ಒಂದೇ ಯೋಚನೆ. ಇವಳನ್ನು ರಾತ್ರಿ ಹಾಸಿಗೆಯಲ್ಲೇ ಇರಿಸುವುದು ಹೇಗೆ? ಸುತ್ತ ದಿಂಬು ಇಟ್ಟೆವು, ಗದರಿದೆವು, ಇಬ್ಬರ ನಡುವೆ ಮಲಗಿಸಿದೆವು. ನಡೆಯಲು, ಹತ್ತಲು ಕಲಿತ ಮಗು ಇದಕ್ಕೆಲ್ಲ ಜಗ್ಗುವುದಿಲ್ಲ. ನಮಗಿಂತ ಮೊದಲು ಅದು ಎದ್ದಿರುತ್ತದೆ ಅಂತಲೇ ಲೆಕ್ಕ ಹಾಕಬೇಕು. ಹಾಗೆ ಎದ್ದಾಗ ಕೋಣೆಯಲ್ಲಿ ಅದರ ಕೈಗೆ, ಬಾಯಿಗೆ, ಕಾಲಿಗೆ ಏನು ಸಿಗುತ್ತದೆ? ಅದನ್ನು ಸರಿ ಮಾಡುವುದಷ್ಟೇ ನಮ್ಮ ಕೈಯಲ್ಲಿರುವುದು. ನಾವು ಮಾಡಿದ್ದನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

1. ಮೊದಲು ಅಂಬೆಗಾಲಿಡಿ

ಮಗು ಬೇರೆ ಕಡೆ ಇದ್ದಾಗ, ರಾತ್ರಿ ಹೊತ್ತಲ್ಲೇ, ಬರೀ ಝೀರೋ ಬಲ್ಬ್ ಹಾಕಿಕೊಂಡು ಕೋಣೆಯಲ್ಲಿ ಮಂಡಿಯೂರಿ ಒಂದು ಸುತ್ತು ಬನ್ನಿ. ನಿಂತು ನೋಡಿದರೆ ಕಾಣದ್ದು ಆಗ ಕಾಣುತ್ತದೆ. ನನಗೆ ಮಂಚದ ಕೆಳಗೆ ಸಿಕ್ಕಿದ್ದು ಎರಡು ಸೇಫ್ಟಿ ಪಿನ್ನು, ಒಂದು ರೂಪಾಯಿ ನಾಣ್ಯ, ಅತ್ತೆಯವರ ಬಿ.ಪಿ. ಮಾತ್ರೆ ಒಂದು. ಮಾತ್ರೆ ಕೈಜಾರಿ ಬಿದ್ದದ್ದು ಅವರಿಗೇ ಗೊತ್ತಿರಲಿಲ್ಲ. ಇಡೀ ಕೋಣೆಯಲ್ಲಿ ನನ್ನನ್ನು ಜಾಸ್ತಿ ಹೆದರಿಸಿದ್ದು ಆ ಮಾತ್ರೆಯೇ. ದೊಡ್ಡವರ ಬಿ.ಪಿ., ಶುಗರ್ ಮಾತ್ರೆ ಒಂದೇ ಒಂದು ಹೊಟ್ಟೆಗೆ ಹೋದರೂ ಪುಟ್ಟ ಮಗುವಿನ ಜೀವಕ್ಕೆ ಅಪಾಯ ಆಗಬಹುದು.

2. ಹಾಸಿಗೆಯನ್ನು ನೆಲಕ್ಕೆ ತನ್ನಿ

ಸರಳಿರುವ ಮರದ ತೊಟ್ಟಿಲಲ್ಲಿ ಮಗು ಮಲಗುತ್ತಿದ್ದರೆ ಅಳತೆ ನೋಡಿ. ಎತ್ತರ ಸುಮಾರು 89 ಸೆಂ.ಮೀ. ಮುಟ್ಟಿದ್ದರೆ, ಅಥವಾ ನಿಂತಾಗ ತೊಟ್ಟಿಲಿನ ಅಂಚು ಮಗುವಿನ ಎದೆಮಟ್ಟಕ್ಕೆ ಬಂದಿದ್ದರೆ, ತೊಟ್ಟಿಲಿನ ಕಾಲ ಮುಗಿಯಿತು. ಅದಕ್ಕೂ ಮೊದಲೇ ಕಾಲು ಎತ್ತಿ ಹಾಕಲು ನೋಡಿದರೆ ಅವತ್ತೇ ನಿಲ್ಲಿಸಿ. ತೊಟ್ಟಿಲೊಳಗಿನ ದಿಂಬು, ದೊಡ್ಡ ಗೊಂಬೆ ಎಲ್ಲವೂ ಹತ್ತಲು ಮೆಟ್ಟಿಲೇ.

ನಮ್ಮಲ್ಲಿ ಬಹಳ ಮಕ್ಕಳು ಅಪ್ಪ ಅಮ್ಮನ ಜೊತೆ ಮಂಚದಲ್ಲೇ ಮಲಗುತ್ತವೆ. ಎಲ್ಲಕ್ಕಿಂತ ಸುಲಭದ, ಖರ್ಚಿಲ್ಲದ ದಾರಿ ಅಂದರೆ ಮಂಚ ಬದಿಗಿಟ್ಟು ಎಲ್ಲರೂ ನೆಲದ ಮೇಲೆ ಹಾಸಿಗೆ ಹಾಸುವುದು. ಅಡಿಗೆ ಚಾಪೆ ಅಥವಾ ಜಮಖಾನ ಇರಲಿ. ಬೆಳಿಗ್ಗೆ ಹಾಸಿಗೆ ಎತ್ತಿ ನಿಲ್ಲಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಕೆಳಗೆ ಬೂಷ್ಟು ಹಿಡಿಯುತ್ತದೆ. ಗೋಡೆಯ ಪಕ್ಕ ಸಣ್ಣ ಸಂದು ಉಳಿಯುವ ಹಾಗೆ ಹಾಸಬೇಡಿ. ಮಗು ಉರುಳಿ ಆ ಸಂದಿಯಲ್ಲಿ ಸಿಕ್ಕಿಕೊಳ್ಳಬಹುದು. ಒಂದೂವರೆ ಅಡಿ ಜಾಗ ಬಿಟ್ಟರೆ ಒಳ್ಳೆಯದು.

ಬೆನ್ನುನೋವಿಗೋ ಮಂಡಿನೋವಿಗೋ ಮಂಚ ಬೇಕೇ ಬೇಕು ಅನ್ನುವವರು ಮಗುವಿಗೆ ಇಳಿಯುವುದನ್ನು ಕಲಿಸಿ. ಬೋರಲಾಗಿ ಮಲಗಿ, ಕಾಲು ಮೊದಲು ಜಾರಿಸಿ, ಪಾದ ನೆಲಕ್ಕೆ ತಾಗಿದ ಮೇಲೆ ಕೈ ಬಿಡುವುದು. ಹಗಲಲ್ಲಿ ಆಟದ ಹಾಗೆ ಹತ್ತು ಸಲ ಮಾಡಿಸಿದರೆ ನಾಲ್ಕೈದು ದಿನಕ್ಕೆ ಬಂದುಬಿಡುತ್ತದೆ. ನಮ್ಮವಳು "ಕಾಲು, ಕಾಲು" ಅಂತ ತಾನೇ ಹೇಳಿಕೊಂಡು ಇಳಿಯುತ್ತಿದ್ದಳು. ಮಂಚಕ್ಕೆ ಸಿಕ್ಕಿಸುವ ತಡೆಯನ್ನು ಎರಡು ವರ್ಷ ತುಂಬದ ಮಗುವಿಗೆ ಬಳಸಬೇಡಿ. ತಡೆ ಮತ್ತು ಹಾಸಿಗೆಯ ನಡುವೆ ಮಗು ಸಿಕ್ಕಿಬೀಳುವ ಭಯ ಇದೆ. ಅಣ್ಣ ಅಕ್ಕಂದಿರಿಗೆ ಮೇಲೊಂದು ಕೆಳಗೊಂದು ಮಂಚ ಇದ್ದರೆ, ಮೇಲಿನದು ಆರು ವರ್ಷದೊಳಗಿನವರಿಗೆ ಬೇಡ. ರಾತ್ರಿ ಅದರ ಏಣಿ ತೆಗೆದಿಡಿ.

3. ಬೀರುವನ್ನು ಗೋಡೆಗೆ ಕಚ್ಚಿಸಿ

ಇದನ್ನು ನಾಳೆಗೆ ಮುಂದೂಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಖಾಲಿ ಡ್ರಾಯರ್ ಸ್ಟ್ಯಾಂಡಿನ ಭಾರ ಹಿಂದಕ್ಕಿರುತ್ತದೆ. ಎರಡು ಡ್ರಾಯರ್ ಹೊರಗೆಳೆದು ಅದರಲ್ಲಿ ಹತ್ತು ಹನ್ನೊಂದು ಕೆ.ಜಿ. ಮಗು ನಿಂತರೆ ಭಾರವೆಲ್ಲ ಮುಂದಕ್ಕೆ ಬಂದು ಸ್ಟ್ಯಾಂಡು ಮಗುವಿನ ಮೇಲೇ ಬೀಳುತ್ತದೆ. ಸ್ಟೀಲ್ ಬೀರು, ಪುಸ್ತಕದ ಕಪಾಟು, ಸ್ಟೂಲಿನ ಮೇಲಿಟ್ಟ ಟಿ.ವಿ. ಎಲ್ಲಕ್ಕೂ ಇದೇ ಮಾತು.

ಕಬ್ಬಿಣದ ಅಂಗಡಿಯಲ್ಲಿ ಎಲ್ ಆಕಾರದ ಕ್ಲ್ಯಾಂಪ್ ಸಿಗುತ್ತದೆ. ಒಂದು ಕಡೆ ಬೀರುವಿನ ನೆತ್ತಿಗೆ, ಇನ್ನೊಂದು ಕಡೆ ಗೋಡೆಗೆ ಬರಬೇಕು. ಗೋಡೆಗೆ ಡ್ರಿಲ್ ಮಾಡಿ ಪ್ಲಗ್ ಕೂರಿಸಿ ಸ್ಕ್ರೂ ಬಿಗಿಸಿ. ಗಾರೆಗೆ ಮಾತ್ರ ಕಚ್ಚಿದ ಸ್ಕ್ರೂ ಎಳೆದರೆ ಬಂದುಬಿಡುತ್ತದೆ, ಇಟ್ಟಿಗೆಯವರೆಗೆ ಹೋಗಬೇಕು. ಎರಡು ಕ್ಲ್ಯಾಂಪ್ ಹಾಕಿ, ಆಮೇಲೆ ನೀವೇ ಮುಂದಕ್ಕೆ ಎಳೆದು ನೋಡಿ. ನಮ್ಮದು ಬಾಡಿಗೆ ಮನೆ. ಓನರ್ ಅಂಕಲ್‌ಗೆ ನಡೆದದ್ದನ್ನು ಹೇಳಿದೆ. "ಮೊದಲು ಹೊಡೆಸಮ್ಮ, ತೂತು ಆಮೇಲೆ ಮುಚ್ಚಿದರಾಯ್ತು" ಅಂದರು. ಗೋಡೆ ಮುಟ್ಟುವ ಹಾಗೇ ಇಲ್ಲ ಅಂದರೆ ಅಂಥ ಸ್ಟ್ಯಾಂಡನ್ನು ಮಗು ಮಲಗುವ ಕೋಣೆಯಿಂದ ಹೊರಗಿಡಿ. ಭಾರದ ಬಟ್ಟೆ ಕೆಳಗಿನ ಡ್ರಾಯರಿಗೆ ಹೋಗಲಿ. ಮಗುವನ್ನು ಸೆಳೆಯುವ ಗೊಂಬೆ, ರಿಮೋಟ್, ಪೌಡರ್ ಡಬ್ಬಿ ಬೀರುವಿನ ತಲೆ ಮೇಲೆ ಬೇಡ.

4. ಕಿಟಕಿ ಕೆಳಗೆ ಹತ್ತಲು ಏನೂ ಇರಬಾರದು

ಗಾಳಿ ಬರಲಿ ಅಂತ ಮಂಚವನ್ನು ಕಿಟಕಿಗೆ ಒತ್ತಿ ಹಾಕುವ ಅಭ್ಯಾಸ ನಮ್ಮದು. ಮಗು ಮಂಚದಿಂದ ಕಿಟಕಿ ಕಟ್ಟೆಗೆ, ಅಲ್ಲಿಂದ ಅಡ್ಡ ಸರಳು ಹಿಡಿದು ಮೇಲಕ್ಕೆ ಹೋಗುತ್ತದೆ. ಗ್ರಿಲ್ಲಿನ ಸಂದು 10 ಸೆಂ.ಮೀ. ಮೀರಬಾರದು. ಸೊಳ್ಳೆ ಪರದೆಯ ಜಾಲರಿ ಸೊಳ್ಳೆಯನ್ನು ತಡೆಯುತ್ತದೆ, ಮಗುವಿನ ಭಾರವನ್ನು ತಡೆಯುವುದಿಲ್ಲ. ಕರ್ಟನ್ನಿನ ದಾರ ನೇತಾಡುತ್ತಿದ್ದರೆ ಕತ್ತರಿಸಿ ಅಥವಾ ಎತ್ತರಕ್ಕೆ ಸುತ್ತಿ ಕಟ್ಟಿ.

ದಾರದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಮಗುವಿನ ಕೊರಳಿನ ಕರಿದಾರ, ಸರ, ತಾಯತವನ್ನು ರಾತ್ರಿ ತೆಗೆದಿಡಿ. ಎಲ್ಲಿಗಾದರೂ ಸಿಕ್ಕಿಕೊಂಡರೆ ಕೊರಳಿಗೆ ಬಿಗಿಯುತ್ತದೆ. ಅಜ್ಜಿಗೆ ಬೇಸರ ಆದರೆ, ಸೊಂಟದಲ್ಲಿ ಉಡಿದಾರ ಇದೆಯಲ್ಲ ಅಂತ ಮೆಲ್ಲಗೆ ಹೇಳಿ.

5. ಬಾಯಿಗೆ ಹೋಗುವ ವಸ್ತುಗಳು

ಮೊದಲನೆಯದು ಗುಂಡಿಯಂಥ ಚಪ್ಪಟೆ ಬ್ಯಾಟರಿ. ಸಣ್ಣ ರಿಮೋಟ್, ಹಾಡುವ ಗೊಂಬೆ, ಕಾರಿನ ಕೀಲಿಯಲ್ಲಿ ಇರುತ್ತದೆ. ನುಂಗಿದಾಗ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಟ್ಟ ಗಾಯ ಮಾಡಬಲ್ಲದು. ಸ್ಕ್ರೂ ಇಲ್ಲದ ಮುಚ್ಚಳಕ್ಕೆ ಗಟ್ಟಿ ಟೇಪ್ ಸುತ್ತಿ. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.

ಎರಡನೆಯದು ಕರ್ಪೂರ. ನೆಗಡಿಗೆ ಅಂತ ದಿಂಬಿನ ಕೆಳಗೆ ಇಡುವವರಿದ್ದಾರೆ, ಸೊಳ್ಳೆಗೆ ಅಂತ ಮೂಲೆಯಲ್ಲಿ ಇಡುವವರೂ ಇದ್ದಾರೆ. ಮಗು ತಿಂದರೆ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು. ಬೀರುವಿನ ನುಸಿ ಗುಳಿಗೆ ನೋಡಲು ಪೆಪ್ಪರ್‌ಮೆಂಟಿನ ಹಾಗೇ ಇರುತ್ತದೆ, ಅದೂ ವಿಷವೇ. ಸೊಳ್ಳೆ ಓಡಿಸುವ ಮಷೀನನ್ನು ಮಂಚದ ಪಕ್ಕದ ಕೆಳಗಿನ ಸಾಕೆಟ್ಟಿಗೆ ಹಾಕಬೇಡಿ. ಬಾಟಲಿ ಬಿಚ್ಚಿ ಕುಡಿಯುವುದು ಮಗುವಿಗೆ ಒಂದು ಕ್ಷಣದ ಕೆಲಸ. ನಾವಂತೂ ಈಗ ಸೊಳ್ಳೆ ಪರದೆಗೇ ಬಂದಿದ್ದೇವೆ.

ಇವುಗಳಲ್ಲಿ ಏನೇ ಹೊಟ್ಟೆಗೆ ಹೋದರೂ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಬಾಟಲಿ ಅಥವಾ ಮಾತ್ರೆಯ ಹಾಳೆ ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಿ. ದೆಹಲಿಯ ಏಮ್ಸ್‌ನಲ್ಲಿರುವ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಆಂಬುಲೆನ್ಸ್‌ಗೆ 108.

6. ಬಕೆಟ್ ಬೋರಲು ಹಾಕಿ, ಚಿಲಕ ಎತ್ತರಕ್ಕೆ ಹಾಕಿಸಿ

ಕೋಣೆಗೆ ಅಂಟಿಕೊಂಡ ಬಾತ್‌ರೂಮ್ ಇದ್ದರೆ ಅದೂ ಮಲಗುವ ಕೋಣೆಯೇ ಅಂದುಕೊಳ್ಳಿ. ನೀರು ಬರುತ್ತದೋ ಇಲ್ಲವೋ ಅಂತ ರಾತ್ರಿಯೇ ಬಕೆಟ್ ತುಂಬಿಡುವ ಮನೆಗಳು ಎಷ್ಟಿಲ್ಲ! ಈ ವಯಸ್ಸಿನ ಮಕ್ಕಳಿಗೆ ತಲೆಯೇ ಭಾರ. ಬಗ್ಗಿ ಒಳಗೆ ಬಿದ್ದರೆ ತಾನಾಗಿ ಏಳಲಾಗುವುದಿಲ್ಲ. ಮುಳುಗಲು ಬಕೆಟ್ಟಿನ ತಳದ ನಾಲ್ಕು ಬೆರಳು ನೀರು ಸಾಕು, ಸದ್ದೂ ಆಗುವುದಿಲ್ಲ. ತುಂಬಿಡಲೇಬೇಕಾದರೆ ಗಟ್ಟಿ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ, ಬಕೆಟ್ ಬೋರಲು ಹಾಕಿ, ಬಾಗಿಲಿಗೆ ಹೊರಗಿನಿಂದ ಎತ್ತರದಲ್ಲಿ ಚಿಲಕ ಹಾಕಿ.

ಮಗು ಒಳಗೆ ಹೋಗಿ ತಾನೇ ಬೋಲ್ಟ್ ಹಾಕಿಕೊಂಡು, ತೆಗೆಯಲು ಬಾರದೆ ಅಳುವುದೂ ಎಷ್ಟೋ ಮನೆಗಳಲ್ಲಿ ಆಗಿದೆ. ಕೈಗೆಟಕುವ ಬೋಲ್ಟ್‌ಗಳನ್ನು ಬಿಚ್ಚಿಸಿ ಮೇಲಕ್ಕೆ ಹಾಕಿಸಿ. ಬಡಗಿ ಬರುವವರೆಗೆ ಬಾಗಿಲಿನ ನೆತ್ತಿಯ ಮೇಲೆ ದಪ್ಪ ಟವೆಲ್ ಇಳಿಬಿಡಿ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಬೆರಳೂ ಜಜ್ಜುವುದಿಲ್ಲ.

7. ಕರೆಂಟು

ಖಾಲಿ ಸಾಕೆಟ್‌ಗೆ ಮುಚ್ಚಳ ಹಾಕಿ. ಚಾರ್ಜರ್ ವೈರನ್ನು ಹಾಸಿಗೆ ಮೇಲೆ ಬಿಟ್ಟು ಮಲಗಬೇಡಿ. ಆನ್ ಇರುವ ವೈರಿನ ತುದಿಯನ್ನು ಮಗು ಬಾಯಿಗೇ ಹಾಕುವುದು. ಟೇಬಲ್ ಫ್ಯಾನ್ ಎತ್ತರದಲ್ಲಿರಲಿ. ಮನೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್ಚು, ಹಾಕಿದ್ದಾರೆಯೇ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ.

8. ಎದ್ದದ್ದು ನಮಗೆ ಗೊತ್ತಾಗಬೇಕು

ಮಗುವನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕುವುದು ಬೇಡ. ಬೆಂಕಿ, ಹೊಗೆ ಏನಾದರೂ ಆದರೆ ಮಗು ಹೊರಗೆ ಬರಲಾಗದು. ಕೋಣೆ ಬಾಗಿಲಿಗೆ ಒಂದು ಪುಟ್ಟ ಗಂಟೆ ಕಟ್ಟಿ. ಅಡುಗೆಮನೆ, ಬಾಲ್ಕನಿ, ಮೆಟ್ಟಿಲ ಕಡೆಯ ಬಾಗಿಲುಗಳಿಗೆ ಮೇಲೆ ಚಿಲಕ ಹಾಕಿಯೇ ಮಲಗಿ.

ಎದ್ದು ಬಂದರೆ ಮಾತು, ಆಟ, ಮೊಬೈಲು ಏನೂ ಬೇಡ. ಸುಮ್ನೆ ಎತ್ತಿಕೊಂಡು ಮತ್ತೆ ಮಲಗಿಸಿ. ಮೊದಲ ರಾತ್ರಿ ನಾನು ಏಳು ಸಲ ಮಲಗಿಸಿದೆ. ಸಾಕಾಗಿ ಹೋಗಿತ್ತು. ವಾರ ಕಳೆಯುವ ಹೊತ್ತಿಗೆ ಅದು ಒಂದೆರಡು ಸಲಕ್ಕೆ ಇಳಿಯಿತು.

9. ಆದರೂ ಬಿದ್ದರೆ

ತಕ್ಷಣ ಅತ್ತು, ಹತ್ತು ನಿಮಿಷದಲ್ಲಿ ಆಟಕ್ಕೆ ಇಳಿದರೆ ಸಾಮಾನ್ಯವಾಗಿ ಭಯವಿಲ್ಲ. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಬಂದರೆ, ಕೈಕಾಲು ಆಡಿಸದಿದ್ದರೆ ಆಗಲೇ ಹೊರಡಿ. ಎರಡು ವರ್ಷದೊಳಗಿನ ಮಗು ಮೂರು ಅಡಿಗಿಂತ ಎತ್ತರದಿಂದ ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಚೆನ್ನಾಗಿಯೇ ಕಂಡರೂ ವೈದ್ಯರಿಗೆ ತೋರಿಸಿ.

ಈ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮಗು ಬೆಳೆದ ಹಾಗೆ ಅದರ ಕೈಗೆಟಕುವ ಎತ್ತರವೂ ಬೆಳೆಯುತ್ತದೆ. ನಾವು ತಿಂಗಳಿಗೊಮ್ಮೆ ಮಗಳನ್ನು ಗೋಡೆಗೆ ನಿಲ್ಲಿಸಿ, ಕೈ ಮೇಲೆತ್ತಿಸಿ, ಬೆರಳ ತುದಿ ಮುಟ್ಟಿದಲ್ಲಿ ಪೆನ್ಸಿಲಿನಿಂದ ಗೀಟು ಎಳೆಯುತ್ತೇವೆ. ಆ ಗೀಟಿನ ಮೇಲೆ ಒಂದು ಗೇಣು ಸೇರಿಸಿ, ಅದರ ಕೆಳಗಿರುವುದನ್ನೆಲ್ಲ ಖಾಲಿ ಮಾಡುತ್ತೇವೆ. ಮೊನ್ನೆ ಭಾನುವಾರ ಕಪಾಟಿನ ಮೂರನೇ ಖಾನೆಯನ್ನೂ ಖಾಲಿ ಮಾಡಿದೆವು.