ಓಟಿ ಲಿಸ್ಟೂ ಮುಗಿಯಬೇಕು, ಪಿಜಿ ಕೈಯೂ ಪಳಗಬೇಕು

ಹರ್ನಿಯಾ ಆಪರೇಷನ್ನಿಗೆ ರಾತ್ರಿಯಿಂದ ಉಪವಾಸ ಇದ್ದ ಒಬ್ಬ ಅಜ್ಜನಿಗೆ ಮಧ್ಯಾಹ್ನ ಮೂರೂವರೆಗೆ "ಇವತ್ತು ಆಗಲ್ಲ, ಗುರುವಾರ ಮಾಡೋಣ" ಎಂದು ಹೇಳಿದವನು ನಾನೇ. ಅವರು ರೇಗಲಿಲ್ಲ. ಕೈಗೆ ಚುಚ್ಚಿದ್ದ ಕ್ಯಾನುಲಾ ತೋರಿಸಿ, "ಇದನ್ನಾದ್ರೂ ತೆಗೀರಿ" ಅಂದರು.

ಹಿಂದಿನ ಕೇಸನ್ನು ಎರಡನೇ ವರ್ಷದ ಪಿಜಿ, ಅಂದರೆ ಸರ್ಜರಿ ಕಲಿಯುತ್ತಿರುವ ಸ್ನಾತಕೋತ್ತರ ಡಾಕ್ಟರ್, ಮಾಡಿದ್ದರು. ತಡವಾಗಿದ್ದು ಅದಕ್ಕೇ ಎಂದುಕೊಂಡೆ. ಮುಂದಿನ ಎರಡು ವಾರ ಎಲ್ಲಾ ಕೇಸನ್ನೂ ನಾನೇ ಮಾಡಿದೆ. ಆದರೂ ಓಟಿಯ (ಆಪರೇಷನ್ ಥಿಯೇಟರ್) ಆ ದಿನದ ಲಿಸ್ಟ್ ಮುಗಿಯಲಿಲ್ಲ!

ಆಗ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕೇಸಿನ ಹೊತ್ತು ಬರೆಯತೊಡಗಿದೆ. ರೋಗಿ ಒಳಗೆ ಬಂದಿದ್ದು, ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಕೊಟ್ಟಿದ್ದು, ಚರ್ಮ ಕೊಯ್ದಿದ್ದು, ಹೊಲಿಗೆ ಮುಗಿದಿದ್ದು. ಹೊತ್ತು ಜಾಸ್ತಿ ಹೋಗುತ್ತಿದ್ದದ್ದು ಎರಡು ಕೇಸುಗಳ ನಡುವೆ. ಶೇವಿಂಗ್ ಆಗಿಲ್ಲ, ಕನ್ಸೆಂಟಿಗೆ ಸಹಿ ಇಲ್ಲ, ಮೆಶ್ (ಹರ್ನಿಯಾ ಜಾಗಕ್ಕೆ ಹೊಲಿಯುವ ಬಲೆ) ತರಲು ಹೋದ ರೋಗಿಯ ಮಗ ಇನ್ನೂ ಬಂದಿಲ್ಲ. ಪಿಜಿಯ ಕೈ ನಿಧಾನ ಅಂತ ಸುಮ್ನೆ ದೂರಿದ್ದೆ. ಈಗ ಇವೆಲ್ಲ ಹಿಂದಿನ ಸಂಜೆಯೇ ಮುಗಿಯಬೇಕು. ಒಬ್ಬರಿಗೆ ಚರ್ಮದ ಹೊಲಿಗೆ ಶುರುವಾದಾಗ ಮುಂದಿನವರು ಓಟಿ ಬಾಗಿಲಲ್ಲಿರಬೇಕು.

ಹಾಗೆ ಉಳಿದ ಹೊತ್ತನ್ನು ಕಲಿಸುವುದಕ್ಕೆ ಕೊಟ್ಟೆ. ಆದರೆ ಇಡೀ ಆಪರೇಷನ್ ಒಬ್ಬರಿಗೇ ಕೊಡುವುದಿಲ್ಲ, ಹಂತ ಹಂಚುತ್ತೇನೆ. ಹರ್ನಿಯಾದಲ್ಲಿ ಚೀಲ ಬಿಡಿಸುವುದು ಮೂರನೇ ವರ್ಷದವರು, ಮೆಶ್ ಕೂರಿಸುವುದು ಎರಡನೇ ವರ್ಷದವರು, ಚರ್ಮ ಹೊಲಿಯುವುದು ಮೊದಲ ವರ್ಷದವರು. ಯಾರದ್ದು ಯಾವ ಹಂತ ಅಂತ ಹಿಂದಿನ ದಿನವೇ ಗೊತ್ತಿದ್ದರೆ ಓದಿಕೊಂಡು ಬರುತ್ತಾರೆ. ಗಂಟು ಹಾಕುವುದನ್ನು ಡ್ರಿಪ್ ಟ್ಯೂಬಿನ ಮೇಲೆ ಕಲಿತಿರಬೇಕು. ಲ್ಯಾಪ್ರೊಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಅಭ್ಯಾಸಕ್ಕೆ ರಟ್ಟಿನ ಡಬ್ಬ, ಒಳಗೆ ಮೊಬೈಲ್ ಕ್ಯಾಮೆರಾ ಸಾಕು. ರೋಗಿಗೂ ಮೊದಲೇ ಹೇಳುತ್ತೇವೆ: ಕಲಿಯುವ ಡಾಕ್ಟರ್ ಕೈ ಹಾಕುತ್ತಾರೆ, ನಾನು ಪಕ್ಕದಲ್ಲೇ ಇರುತ್ತೇನೆ.

ಮೆಶ್‌ನ ಮೊದಲ ಹೊಲಿಗೆಯಲ್ಲಿ ನಾನು ಅವಸರ ಮಾಡುವುದಿಲ್ಲ. ಅದು ಪ್ಯೂಬಿಕ್ ಟ್ಯೂಬರ್ಕಲ್ (ತೊಡೆಸಂದಿಯ ಒಳತುದಿಯಲ್ಲಿರುವ ಎಲುಬಿನ ಉಬ್ಬು) ಮೇಲಿನ ಗಟ್ಟಿ ಪದರಕ್ಕೆ ಬೀಳಬೇಕು. ಎಲುಬಿನ ಪೊರೆಗೇ ಚುಚ್ಚಿದರೆ ರೋಗಿಗೆ ನೋವು ಉಳಿದುಬಿಡಬಹುದು. ಮೆಶ್ ಟ್ಯೂಬರ್ಕಲ್ ದಾಟಿ ಒಂದೆರಡು ಸೆಂಟಿಮೀಟರ್ ಚಾಚಿರಬೇಕು. ಅಲ್ಲಿಂದ ಇಂಗ್ವೈನಲ್ ಲಿಗಮೆಂಟ್ (ತೊಡೆಸಂದಿಯ ಗಟ್ಟಿ ಪಟ್ಟಿ) ಹಿಡಿದು ಹೋಗುವಾಗ ಸೂಜಿ ಆಳಕ್ಕಿಳಿದರೆ ಕೆಳಗೆ ತೊಡೆಯ ರಕ್ತನಾಳ ಇದೆ. ಪಿಜಿಯ ಮಣಿಕಟ್ಟು ತಿರುಗುವುದನ್ನೇ ನೋಡುತ್ತಿರುತ್ತೇನೆ. ಐದು ನಿಮಿಷ ಹೆಚ್ಚು ಹಿಡಿದರೆ ಹಿಡಿಯಲಿ.

ಪಿತ್ತಕೋಶದ ಲ್ಯಾಪ್ರೊಸ್ಕೋಪಿಯಲ್ಲಿ ಇನ್ನೂ ಬಿಗಿ. ಸರ್ಜನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ವಿವರಿಸಿದ 'ಕ್ರಿಟಿಕಲ್ ವ್ಯೂ', ಅಂದರೆ ಕತ್ತರಿಸಬೇಕಾದ ನಾಳಗಳು ಅನುಮಾನವಿಲ್ಲದೆ ಕಾಣುವ ನೋಟ, ಪರದೆಯಲ್ಲಿ ಬರುವವರೆಗೆ ನಾಳಕ್ಕೆ ಕ್ಲಿಪ್ ಇಲ್ಲ. ಪಿತ್ತನಾಳಗಳು, ಲಿವರ್ ನಡುವಿನ ತ್ರಿಕೋನದ ಕೊಬ್ಬು ಪೂರ್ತಿ ಬಿಡಿಸಿರಬೇಕು, ಪಿತ್ತಕೋಶದ ಕೆಳಭಾಗ ಲಿವರಿನಿಂದ ಬೇರೆಯಾಗಿರಬೇಕು, ಪಿತ್ತಕೋಶಕ್ಕೆ ಹೋಗುವ ನಾಳ ಎರಡೇ ಕಾಣಬೇಕು. ಇಪ್ಪತ್ತು ನಿಮಿಷದಲ್ಲಿ ಮುಂದೆ ಹೋಗದಿದ್ದರೆ ನಾನು ತೆಗೆದುಕೊಳ್ಳುತ್ತೇನೆ. ಇದು ಮೊದಲೇ ಆದ ಮಾತು, ಹಾಗಾಗಿ ಯಾರಿಗೂ ಅವಮಾನ ಅನ್ನಿಸುವುದಿಲ್ಲ.

ಎಮರ್ಜೆನ್ಸಿ ರಾತ್ರಿಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕರುಳು ತೂತಾಗಿ ಬಿಪಿ ಬೀಳುತ್ತಿದ್ದರೆ ಸೂಜಿ ನನ್ನ ಕೈಯಲ್ಲೇ ಇರುತ್ತದೆ. ಪಿಜಿ ರಿಟ್ರಾಕ್ಟರ್ (ಗಾಯ ಅಗಲಿಸುವ ಉಪಕರಣ) ಹಿಡಿದು ನಿಂತಿರುತ್ತಾರೆ. ಏನು ಮಾಡುತ್ತಿದ್ದೇನೆ, ಯಾಕೆ ಅಂತ ನಾನು ಬಾಯಿಬಿಟ್ಟು ಹೇಳುತ್ತಾ ಹೋಗುತ್ತೇನೆ.